ಗಡಿ ದಾಟದ ಕರಿಬೇವು

ನನ್ನ ಗಂಡನ ಆಫೀಸಿನಲ್ಲಿ ಅವನಿಗಿಂತ ಹತ್ತು ವರ್ಷ ಹಿರಿಯರಾದ ಬೆಂಗಳೂರಿನವರೊಬ್ಬರಿದ್ದರು. ಕೆನಡಾದ ಎರಿನ್ ಮಿಲ್ಸ್‌ನ ನಮ್ಮ ಕನ್ನಡದ ಗುಂಪಿನಲ್ಲಿ ಅವರಿಗೆ ತಿಳಿಯದ ವಿಷಯವೇ ಇರಲಿಲ್ಲ. ಸ್ನೋ ಟೈರಿರಲಿ, ಮಕ್ಕಳ ಕಿವಿನೋವಿರಲಿ, ಮೊದಲು ಬಾಯಿ ಬಿಡುವವರು ಅವರೇ. ನನ್ನ ಗಂಡನಿಗೆ ಅವರ ಮಾತು ವೇದವಾಕ್ಯ. 2017ರ ಬೇಸಿಗೆಯಲ್ಲಿ, ಒಂದು ಆರ್‌ವಿ ಬಾಡಿಗೆಗೆ ಹಿಡಿದು ನಾವಿಬ್ಬರು, ಅವರಿಬ್ಬರು ನ್ಯೂಜೆರ್ಸಿಗೆ ಹೋಗಿಬರೋಣ ಎಂದು ಅವರು ಹೇಳಿದಾಗ, ನನ್ನನ್ನೊಂದು ಮಾತು ಕೇಳದೆ ಒಪ್ಪಿಕೊಂಡು ಬಂದ.

ಒಲೆ, ಫ್ರಿಜ್ಜು, ಹಾಸಿಗೆ, ಬಚ್ಚಲು ಎಲ್ಲ ಇರುವ ಗಾಡಿ. ಹಾಗಾಗಿ ದಾರಿಯುದ್ದಕ್ಕೂ ಮನೆಯೂಟವೇ ಆಗಬೇಕೆಂದು ಅಪ್ಪಣೆಯಾಯಿತು. ಮಾಡಬೇಕಾದ ತಿಂಡಿಗಳ ಪಟ್ಟಿ ವಾಟ್ಸಾಪಿನಲ್ಲಿ ನನಗೆ ಬಂತು, ನನ್ನ ಗಂಡನಿಗಲ್ಲ. ಅಮೆರಿಕದೊಳಗೆ ಏನೇನು ಒಯ್ಯಬಾರದೆಂದು ನಾನು ಹುಡುಕಿ ಓದಿದೆ. ಕರಿಬೇವು, ನಿಂಬೆಹಣ್ಣು, ಮಣ್ಣಿರುವ ಗಿಡ ಯಾವುದನ್ನೂ ಬಿಡುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಬರೀ ಕಿತ್ತುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ. ಇದನ್ನು ಅವರಿಗೆ ಹೇಳಿದೆ. ನಕ್ಕರು. ‘ನೀವಿನ್ನೂ ಹೊಸಬರು. ನಾನು ಇಪ್ಪತ್ತು ಸಲ ಕ್ರಾಸ್ ಮಾಡಿದೀನಿ, ಯಾರೂ ಫ್ರಿಜ್ ತೆಗೆದು ನೋಡಲ್ಲ.’

ಹೊರಟ ದಿನ ಬಚ್ಚಲಿನ ಬಾಗಿಲು ತೆರೆದರೆ, ಷವರಿನ ಕೆಳಗೆ ಟವೆಲ್ ಹೊದ್ದುಕೊಂಡು ಒಂದು ಕರಿಬೇವಿನ ಗಿಡ, ಕುಂಡ ಸಮೇತ. ಅದು ಅವರ ಹೆಂಡತಿಯದು. ನಾನು ಅಕ್ಕ ಎಂದು ಕರೆಯುತ್ತಿದ್ದ ಆಕೆ ಮೂರು ಚಳಿಗಾಲ ಅದನ್ನು ಕಿಟಕಿಯ ಬಳಿ ಇಟ್ಟು, ಎಲೆ ಎಲೆಯನ್ನೂ ಒರೆಸಿ ಉಳಿಸಿಕೊಂಡಿದ್ದರು. ಅವರ ಯಜಮಾನರು ಅದನ್ನು ನ್ಯೂಜೆರ್ಸಿಯ ಗೆಳೆಯನಿಗೆ ಉಡುಗೊರೆ ಎಂದು ಎತ್ತಿಕೊಂಡು ಬಂದಿದ್ದರು. ‘ನೀವು ಬೇಡ ಅನ್ನಲಿಲ್ವಾ ಅಕ್ಕ?’ ಎಂದೆ. ‘ಗೆಳೆಯನಿಗೆ ಆಗಲೇ ಹೇಳಿಯಾಗಿತ್ತಂತೆ’ ಎಂದರು.

ಗಡಿಯ ಸೇತುವೆ ದಾಟಿದ ಮೇಲೆ ಅಮೆರಿಕದ ಅಧಿಕಾರಿ ಹಣ್ಣು, ತರಕಾರಿ, ಗಿಡ, ಮಾಂಸ ಏನಾದರೂ ಇದೆಯೇ ಎಂದು ಕೇಳಿದ. ಡ್ರೈವರ್ ಸೀಟಿನಲ್ಲಿದ್ದ ನಮ್ಮ ಸರ್ವಜ್ಞರು ಚಿಪ್ಸು, ಬಿಸ್ಕತ್ತು ಅಷ್ಟೇ ಎಂದರು, ಬಾಯಿತುಂಬ ನಗುತ್ತ. ಆತ ನಗಲಿಲ್ಲ. ಗಾಡಿಯನ್ನು ಪಕ್ಕಕ್ಕೆ ಹಾಕಿಸಿದರು. ಇನ್ನೊಬ್ಬಾಕೆ ಒಳಗೆ ಬಂದು ಫ್ರಿಜ್ ತೆಗೆದಳು. ಹಾಳೆಯಲ್ಲಿ ಸುತ್ತಿದ ಕರಿಬೇವಿನ ಕಟ್ಟು, ಒಂದು ಚೀಲ ನಿಂಬೆಹಣ್ಣು. ಎರಡನ್ನೂ ಆ ಸರ್ವಜ್ಞರೇ ಅಂಗಡಿಯಿಂದ ತಂದು ತಮ್ಮ ಕೈಯಾರೆ ಇಟ್ಟದ್ದನ್ನು ನಾನು ನೋಡಿದ್ದೆ. ಇದನ್ನು ಪ್ಯಾಕ್ ಮಾಡಿದ್ದು ಯಾರು ಎಂದು ಆಕೆ ಕೇಳಿದಳು. ಅವರು ಹಿಂದೆ ತಿರುಗದೆ ಹೆಬ್ಬೆರಳನ್ನು ನಮ್ಮತ್ತ ತೋರಿಸಿ, ಹೆಂಗಸರು ಏನೇನು ತುಂಬಿದ್ದಾರೋ ತನಗೆ ಗೊತ್ತಿಲ್ಲ ಎಂದರು. ನನ್ನ ಗಂಡ ತನ್ನ ಶೂ ನೋಡುತ್ತ ಕೂತಿದ್ದ.

ಇನ್ನೇನಾದರೂ ಇದೆಯೇ ಎಂದು ಆಕೆ ಕೊನೆಯ ಸಲ ಕೇಳಿದಳು. ಅಕ್ಕ ಎದ್ದು ನಿಂತು, ಒಡಕು ಇಂಗ್ಲಿಷಿನಲ್ಲೇ, ಬಚ್ಚಲಲ್ಲಿ ಒಂದು ಗಿಡ ಇದೆ, ಇಟ್ಟವರು ನನ್ನ ಗಂಡ ಎಂದರು.

ಗಿಡ ಹೋಯಿತು, ದಂಡವೂ ಬಿತ್ತು. ನನಗೆ ಅಕ್ಕನದೇ ಸಂಕಟ. ಯಾಕೆ ಹೇಳಿಬಿಟ್ಟಿರಿ ಎಂದು ಕೇಳಿದ್ದಕ್ಕೆ ಅವರು ಮೆಲ್ಲಗೆ, ‘ಗಿಡ ಹೇಗೂ ನನಗೆ ಉಳೀತಿರಲಿಲ್ಲ. ಸುಳ್ಳಾದ್ರೂ ತಪ್ಪಿತು’ ಎಂದರು.

ತಿಂಗಳ ನಂತರ ಒಬ್ಬರ ಬೇಸ್‌ಮೆಂಟಿನಲ್ಲಿ ಹುಟ್ಟುಹಬ್ಬದ ಊಟ. ನಮ್ಮ ಸರ್ವಜ್ಞರು ತಟ್ಟೆ ಹಿಡಿದು, ಗಡಿಯವರಿಗೆ ತಾನು ಕಾನೂನು ಕಲಿಸಿದ ಕಥೆ ಹೇಳುತ್ತಿದ್ದರು. ಹೆದರಿದ ಹೆಂಗಸರು ಕೆಲಸ ಕೆಡಿಸಿದರಂತೆ. ಎಲ್ಲರೂ ನಕ್ಕರು. ‘ಹೌದಲ್ವೇನೋ?’ ಎಂದು ನನ್ನ ಗಂಡನನ್ನು ಕೇಳಿದಾಗ ಅವನು ‘ಹೌದು ಸರ್’ ಎಂದ. ನನ್ನ ನಾಲಿಗೆಯ ತುದಿಯಲ್ಲಿ ಮಾತಿತ್ತು. ಅಕ್ಕ ಬೇಡವೆಂಬಂತೆ ನೋಡಿದರು. ನಾನೂ ಬಾಯಿ ಮುಚ್ಚಿಕೊಂಡೆ. ಆ ಮೌನಕ್ಕೆ ನನ್ನ ಮೇಲೂ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ.

ಕಾರಿನಲ್ಲಿ ನನ್ನ ಗಂಡ, ‘ಹೋಗ್ಲಿ ಬಿಡು, ಅವರ ನೇಚರ್ರೇ ಹಾಗೆ’ ಎಂದ.

‘ಅವರದ್ದು ಬಿಡು, ನಿಂದು?’ ಎಂದೆ.

ಅವನು ಇಂಡಿಕೇಟರ್ ಹಾಕಿ ಲೇನ್ ಬದಲಿಸಿದ.