ಹತ್ತಿ ತುಂಬಿದ ಮನೆಯಲ್ಲಿ ನನ್ನ ಸ್ಮೋಕ್ ಅಲಾರಂ

ಬೈಲಹೊಂಗಲಕ್ಕೆ ಬಂದ ದಿನ ತಂಗಿ ಗಿರಿಜೆಯ ಮನೆಯ ಹೊಸ್ತಿಲು ದಾಟಿದವಳು ಅಲ್ಲೇ ನಿಂತುಬಿಟ್ಟೆ. ಪಡಸಾಲೆಯಲ್ಲಿ ಮನುಷ್ಯರು ಕೂರಲು ಜಾಗವಿರಲಿಲ್ಲ. ನೆಲದಿಂದ ತೊಲೆಯವರೆಗೆ ಹತ್ತಿ. ಪಕ್ಕದಲ್ಲಿ ಒಬ್ಬರು ಓರೆಯಾಗಿ ದಾಟುವಷ್ಟು ದಾರಿ.

"ಗಾಬರಿ ಆಗಬ್ಯಾಡಕ್ಕಾ. ದರ ಏರೂತನಕ ಅದೂ ನಮ್ಮನಿ ಮಂದೀನ," ಎಂದು ಗಿರಿಜೆ ನಕ್ಕಳು.

ಮೈಸೂರಿನ ಗೆಳತಿಯರೇ, ನಿಮಗೂ ನಗು ಬರಬಹುದು. ಮೂವತ್ತು ವರ್ಷ ಹಾಸ್ಟೆಲ್ ವಾರ್ಡನ್ ಆಗಿದ್ದ ನನಗೆ ಕಂಡದ್ದು ಒಂದೇ: ಎಕ್ಸಿಟ್ ಇಲ್ಲ. ಅಲ್ಲಿ ಕಾರಿಡಾರಿನಲ್ಲಿ ಒಂದು ಟ್ರಂಕ್ ಇದ್ದರೂ ತೆಗೆಸುತ್ತಿದ್ದೆ. ಇಲ್ಲಿ ಮನೆಯೇ ಗೋಡೌನ್. ಹಾಗೆಂದು ದೂರುವಂತೆಯೂ ಇಲ್ಲ. ಅಲ್ಲಿ "ಊಟ ಆಯ್ತಾ" ಎಂದು ಕೇಳಿ ಉತ್ತರಕ್ಕೆ ಕಾಯದೆ ಹೋಗುತ್ತಾರೆ. ಇಲ್ಲಿ ಕೈ ಹಿಡಿದು ಕೂರಿಸಿ ರೊಟ್ಟಿ ಹಾಕುತ್ತಾರೆ. ಮಾತೂ ಬೇರೆ. ನಾವು ಧೂಳು ಕೊಡವುವುದಕ್ಕೆ 'ಒದರು' ಎನ್ನುತ್ತೇವೆ, ಇಲ್ಲಿ ಅದು ಗಟ್ಟಿಯಾಗಿ ಕೂಗುವುದು. ಮದುವೆಯಾಗಿ ಬಂದು ನಲವತ್ತು ವರ್ಷವಾದ ಗಿರಿಜೆಯ ಬಾಯಲ್ಲಿ ಈಗ ಮೈಸೂರಿನ ಒಂದು ಶಬ್ದವೂ ಉಳಿದಿಲ್ಲ.

ಫೇರ್‌ವೆಲ್‌ಗೆ ಹಾಸ್ಟೆಲ್ ಹುಡುಗಿಯರು ನನಗೊಂದು ಸ್ಮೋಕ್ ಅಲಾರಂ ಕೊಟ್ಟಿದ್ದರು. ಎರಡು ಪೆನ್ಸಿಲ್ ಸೆಲ್ ಹಾಕಿದರೆ ಸಾಕು, ಹೊಗೆ ತಾಗಿದೊಡನೆ ಕಿರುಚುವ ಸಣ್ಣ ಡಬ್ಬಿ. ಅದನ್ನು ತೊಲೆಗೆ ಹಾಕಿಸಿದೆ. ಗೋಡೆಯ ಮೇಲೆ ಪ್ಲ್ಯಾನ್ ಅಂಟಿಸಿದೆ. ಹಿತ್ತಲ ಬಾಗಿಲಿಗೆ ಏನೂ ಅಡ್ಡ ಇಡಕೂಡದು. ಕೀಲಿ ಮೊಳೆಯಲ್ಲೇ ಇರಬೇಕು. ಹೊರಗೆ ಬೇವಿನ ಮರದ ಕೆಳಗೆ ಸೇರಬೇಕು. ಯಾವ ಕಾರಣಕ್ಕೂ ಯಾರೂ ಹಿಂತಿರುಗಕೂಡದು.

ಪ್ರತಿ ಭಾನುವಾರ, ಇಲ್ಲಿಯವರ ಐತವಾರ, ಟೆಸ್ಟ್. ಗಿರಿಜೆಯ ಸೊಸೆ ಶೋಭಾ ಸ್ಟೂಲ್ ಹತ್ತಿ ಬಟನ್ ಒತ್ತುವಳು. ಬೀಪ್ ಕೇಳುವುದು. "ಕೇಳಿಸ್ತಲ್ರೀ ದೊಡ್ಡತ್ತಿ? ಒದರಿತು ನೋಡ್ರಿ!" ನಾನು "ವೆರಿ ಗುಡ್" ಎಂದು ಕ್ಯಾಲೆಂಡರಿನಲ್ಲಿ ಟಿಕ್ ಹಾಕುವೆ. ನನಗೆ ಈ ಮನೆಯಲ್ಲಿ ನಿದ್ದೆ ಹತ್ತತೊಡಗಿದ್ದು ಆ ಟಿಕ್‌ಗಳಿಂದ.

ಹತ್ತಿ ಪೇಟೆಗೆ ಹೋಗುವ ಹಿಂದಿನ ದಿನ ಗಿರಿಜೆ ರಾಶಿ ಪೂಜೆ ಮಾಡಿದಳು. ಬೆಳೆದದ್ದನ್ನು ಮಾರುವ ಮುಂಚೆ ಅದಕ್ಕೇ ಕುಂಕುಮವಿಟ್ಟು ಕೈಮುಗಿಯುತ್ತಾರೆ. ಬಾಳೆಹಣ್ಣಿಗೆ ಊದಿನಕಡ್ಡಿ ಚುಚ್ಚಿ ರಾಶಿಯ ಮೇಲೇ ಇಟ್ಟಳು. ನಾನು ಒಳಗಿದ್ದೆ, ನೋಡಲಿಲ್ಲ. ಊಟವಾಗಿ ಎಲ್ಲರೂ ಅಡ್ಡಾದೆವು.

ಸುಟ್ಟ ಬಟ್ಟೆಯ ವಾಸನೆಗೆ ಎಚ್ಚರವಾಯಿತು. ಹಣ್ಣು ಮಗುಚಿಬಿದ್ದಿತ್ತು. ಹತ್ತಿಯಲ್ಲಿ ಜ್ವಾಲೆ ಇಲ್ಲ, ಒಳಗೊಳಗೇ ಕೆಂಪಗೆ ಹರಿಯುತ್ತಿತ್ತು. ಹೊಗೆ ನೇರ ಏರಿ ನನ್ನ ಅಲಾರಮ್ಮನ್ನು ಮುತ್ತಿಕೊಂಡಿತ್ತು. ಅದು ತುಟಿ ಪಿಟಕ್ಕೆನ್ನಲಿಲ್ಲ. ನಾನೇ ಒದರಿದೆ. ಶೋಭಾ ಓಡಿಬಂದು ಕೊಡದ ನೀರು ಸುರಿದಳು. ಕಪ್ಪಾದ ಹತ್ತಿಯನ್ನು ಬಾಚಿ ಬಾಚಿ ಹೊರಗೆ ಹಾಕಿದೆವು.

ಆಮೇಲೆ ಸ್ಟೂಲ್ ಹತ್ತಿದವಳು ನಾನು, ಎಪ್ಪತ್ತಮೂರರ ವಯಸ್ಸಿನಲ್ಲಿ. ಡಬ್ಬಿ ಬಿಚ್ಚಿದೆ. ಖಾಲಿ.

"ಸೆಲ್ ಎಲ್ಲಿ?"

ಶೋಭಾಳ ಕಣ್ಣು ಗೋಡೆ ಗಡಿಯಾರದ ಕಡೆ ಹೋಯಿತು. ನಿಂತುಹೋಗಿದ್ದ ಗಡಿಯಾರ ಸಂಕ್ರಾಂತಿಯಿಂದ ಎಷ್ಟು ಚೆನ್ನಾಗಿ ನಡೀತಿದೆ ಎಂದು ನಾನೇ ಹೊಗಳಿದ್ದೆ.

"ಮತ್ತೆ ಭಾನುವಾರದ ಬೀಪ್?"

"ಮೊಬೈಲ್‌ದಾಗಿಂದ್ರೀ," ಎಂದಳು ತಲೆ ತಗ್ಗಿಸಿ. "ಅತ್ತಿಯವರ ಹೇಳಿದ್ರು."

ಗಿರಿಜೆ ಸೆರಗಿನಿಂದ ಮುಖ ಒರೆಸಿಕೊಂಡಳು. "ರೊಟ್ಟಿ ಬಡಿಯಾಕ ಕುಂತ್ರ ಸಾಕು, ಒದರತಿತ್ತಕ್ಕಾ. ತಗಿ ಅಂದ್ರ ನೀ ಸಿಟ್ಟಾಗಿ ಮೈಸೂರಿಗೆ ಹೋಗಿಬಿಡ್ತಿ ಅಂತ ಅಂಜಿದ್ನಿ. ನಿನಗ ಸಮಾಧಾನ ಇರ್ಲಿ ಅಂತ ಮಾಡಿದ್ದು."

"ಒಲೆಯಿಂದ ದೂರ ಹಾಕು ಅಂದಿದ್ದರೆ ಹಾಕ್ತಿದ್ದೆ ಗಿರಿಜಾ. ಒಂದು ಮಾತು."

"ಏನೂ ಆಗ್ಲಿಲ್ಲಲ್ಲ, ಬಿಡು."

"ಆಯ್ತು," ಎಂದೆ.

ಶೋಭಾಳ ಮೇಲೆ ನನಗೆ ಕೋಪವಿಲ್ಲ. ಆದರೆ ಚಿಕ್ಕಂದಿನಲ್ಲಿ ನಾವು ಓದಿದ ಕಾನ್ವೆಂಟಿನ ಫೈರ್ ಡ್ರಿಲ್‌ನಲ್ಲಿ ಗಂಟೆ ಬಾರಿಸಿದೊಡನೆ ಓಡಿಬಂದು ನನ್ನ ಕೈ ಹಿಡಿಯುತ್ತಿದ್ದವಳು ಗಿರಿಜೆ. ಆ ಗಂಟೆ ಎಂದರೆ ನನಗೆ ಏನೆಂದು ಈ ಊರಿನಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಐದು ಐತವಾರ ನನ್ನ ಪಕ್ಕದಲ್ಲೇ ನಿಂತು, ಮೊಬೈಲಿನ ಬೀಪ್ ಕೇಳುತ್ತ, ನಾನು ಟಿಕ್ ಹಾಕುವುದನ್ನು ನೋಡಿದಳು.

ಉಳಿದ ಹತ್ತಿ ಪೇಟೆಗೆ ಹೋಯಿತು. ಪಡಸಾಲೆ ಅಗಲವಾಗಿದೆ. ಹೊಸ ಸೆಲ್ ಹಾಕಿ ಅಲಾರಮ್ಮನ್ನು ಆಚೆ ತೊಲೆಗೆ ಸರಿಸಿದ್ದೇನೆ; ರೊಟ್ಟಿ ಬೇಯುವಾಗ ಈಗ ಅದು ಸುಮ್ಮನಿರುತ್ತದೆ. ಟೆಸ್ಟಿಗೆ ಮುಂಚೆ ಎಲ್ಲರೂ ಮೊಬೈಲುಗಳನ್ನು ರೊಟ್ಟಿ ಬುಟ್ಟಿಯಲ್ಲಿ ಹಾಕಿ ನನ್ನ ಮಡಿಲಿಗೆ ಕೊಡಬೇಕು. "ಮನಿ ಹೋಗಿ ಪೊಲೀಸ್ ಠಾಣೆ ಆತು," ಎಂದು ಗಿರಿಜೆ ಗೊಣಗುತ್ತಾಳೆ, ನಾನು ನಗಲಿ ಎಂದು. ನಾನು ನಗುವುದಿಲ್ಲ.

ಹಾಸ್ಟೆಲಿನಿಂದ ಫೋನ್ ಬಂದಿತ್ತು. "ಗೆಸ್ಟ್ ರೂಮ್ ಖಾಲಿ ಇದೆ ಮಿಸ್, ಬಂದ್ಬಿಡಿ." ಅಲ್ಲಿಯ ಅಲಾರಂ ನಿಜವಾಗಿ ಕೂಗುತ್ತದೆ. ಅಕ್ಕಾ ಎನ್ನುವವರು ಯಾರೂ ಇಲ್ಲ. ಉತ್ತರ ಕೊಟ್ಟಿಲ್ಲ.

ನನ್ನ ಮಂಚದಿಂದ ಹಿತ್ತಲ ಬಾಗಿಲಿಗೆ ನಾಲ್ಕು ಹೆಜ್ಜೆ. ಪ್ಲ್ಯಾನಿನ ಬಾಣದ ಗುರುತು ಅತ್ತಲೇ ಇದೆ. ಗಿರಿಜೆಯ ಮಂಚ ಅದಕ್ಕೆ ವಿರುದ್ಧ ದಿಕ್ಕಿನಲ್ಲಿ, ಹನ್ನೊಂದು ಹೆಜ್ಜೆ. ಹೊಗೆಯಲ್ಲಿ ಕಣ್ಣು ಕಾಣುವುದಿಲ್ಲ. ಅದಕ್ಕೇ ಮಧ್ಯಾಹ್ನ ಅವಳು ಮಲಗಿದಾಗ ಕಣ್ಣು ಮುಚ್ಚಿಕೊಂಡು ಆ ಹನ್ನೊಂದು ಹೆಜ್ಜೆ ನಡೆದು, ಅವಳ ಮಂಚದ ಕಾಲು ಮುಟ್ಟಿ ವಾಪಸ್ ಬರುತ್ತೇನೆ. ಅವಳೊಡನೆ ಇನ್ನೂ ಸರಿಯಾಗಿ ಮಾತಾಡಿಲ್ಲ.