ದೊಡ್ಡಪ್ಪನ ಜೀಪಿನ ಮುಂದಿನ ಆಕ್ಸಲ್

ದೊಡ್ಡಪ್ಪ ಮಡಿಕೇರಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ನಾನು ಅವರ ಜೀಪಿನ ಅಡಿಗೆ ನುಸುಳಿ ಮುಂದಿನ ಆಕ್ಸಲ್ ಅಳೆದೆ. ಇದನ್ನು ಎಷ್ಟು ನಯವಾಗಿ ಹೇಳಿದರೂ ಚೆಂದ ಕಾಣುವುದಿಲ್ಲ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ಕಾಲ ಆಗಿರಲಿಲ್ಲ. ಚೀಫ್ ಕಮಿಷನರು ಹೋಗಿ ಡೆಪ್ಯುಟಿ ಕಮಿಷನರು ಬಂದಿದ್ದರು. ನಮ್ಮ ಕಡೆಯ ಮಣ್ಣುದಾರಿಗಳು ಮಾತ್ರ ಯಾರು ಬಂದರೆ ನಮಗೇನು ಎಂಬಂತೆ ಬಿದ್ದುಕೊಂಡಿದ್ದವು. ಸುಂಟಿಕೊಪ್ಪದಿಂದ ಒಳಗಿನ ಎಸ್ಟೇಟುಗಳ ಕೂಲಿ ಲೈನುಗಳಿಗೆ ಅಕ್ಕಿ, ಉಪ್ಪು, ಸೀಮೆಎಣ್ಣೆ ಸಾಗಿಸುವ ಕೆಲಸ ನನ್ನದು. ಅದಕ್ಕಾಗಿ ಒಬ್ಬ ಬಿಳಿ ದೊರೆ ತೋಟ ಮಾರಿ ಹೊರಟಾಗ ಅವನ ವಿಲಾಯತಿ ವ್ಯಾನನ್ನು ಕೊಂಡುಕೊಂಡಿದ್ದೆ. ನೋಡಲು ಲಕ್ಷಣವಾದ ಗಾಡಿ. ಆದರೆ ಅದರ ಮುಂದಿನ ಎರಡು ಗಾಲಿಗಳನ್ನು ಸೇರಿಸುವ ಗಟ್ಟಿ ಆಕ್ಸಲ್ ಒಂದಿರಲಿಲ್ಲ. ಎಡಗಾಲಿ ತನ್ನ ಸ್ಪ್ರಿಂಗಿನ ಮೇಲೆ, ಬಲಗಾಲಿ ತನ್ನ ಸ್ಪ್ರಿಂಗಿನ ಮೇಲೆ, ಪಾಲಾದ ಅಣ್ಣತಮ್ಮಂದಿರ ಹಾಗೆ ತಮ್ಮ ಪಾಡಿಗೆ ತಾವು ಓಡುತ್ತಿದ್ದವು. ಟಾರು ರಸ್ತೆಯಲ್ಲಿ ಅದು ಸುಖ. ತೋಟದ ಕಲ್ಲುದಾರಿಯಲ್ಲಿ ಕೀಲುಗಳು ಕಳಚಿ ಕೈಗೆ ಬರುತ್ತಿದ್ದವು. ಸಾಲದ್ದಕ್ಕೆ ಎಳೆತವೆಲ್ಲ ಹಿಂದಿನ ಗಾಲಿಗಳಿಗೆ ಮಾತ್ರ. ಹೊಳೆ ದಾಟಿದ ಮೇಲೆ ಸಿಗುವ ಕೆಮ್ಮಣ್ಣಿನ ಏರಿನಲ್ಲಿ ನಾಲ್ಕು ಹನಿ ಮಳೆ ಬಿದ್ದರೂ ಸಾಕು, ಗಾಡಿ ಮುಷ್ಕರ ಹೂಡುತ್ತಿತ್ತು.

ಸುಂಟಿಕೊಪ್ಪದಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದ ಮಲಯಾಳಿ ಸಾಬರೊಬ್ಬರಿದ್ದರು. ಎಲ್ಲರೂ ಅವರನ್ನು ಕಾಕ ಎನ್ನುತ್ತಿದ್ದರು. ಅವರೇ ಉಪಾಯ ಹೇಳಿದ್ದು.

"ಇದ್ರ ಮುಂದಿನದ್ದೆಲ್ಲಾ ಕೊಯ್ದು ಬಿಸಾಕುವ. ಮಿಲಿಟರಿ ಜೀಪಿಂದು ಮುಂದಿನ ಆಕ್ಸಲ್ ಹಾಕುವ. ನಾಲ್ಕು ಗಾಲಿಯೂ ಎಳೀತದೆ. ಮತ್ತೆ ನಿಮ್ಗೆ ಯಾವ ಏರೂ ಇಲ್ಲ."

ವ್ಯಾನಿನ ಹಿಂದಿನ ಆಕ್ಸಲ್ ದೊರೆಯ ಕಾಲದಲ್ಲೇ ಮುರಿದು, ಅಲ್ಲಿಗೆ ಜೀಪಿನದೇ ಬಂದು ಕೂತಿತ್ತು. ಆದ್ದರಿಂದ ಮುಂದಕ್ಕೂ ಅದೇ ಜಾತಿಯದು ಬೇಕಿತ್ತು. ಹಿಂದಿನ ಆಕ್ಸಲಿನ ಗೇರುಹಲ್ಲಿನ ಲೆಕ್ಕ ಒಂದು, ಮುಂದಿನದು ಇನ್ನೊಂದು ಆದರೆ ಗಾಲಿಗಳು ಬೇರೆ ಬೇರೆ ವೇಗದಲ್ಲಿ ಓಡಲು ಹೊರಟು ನಡುವೆ ಸಿಕ್ಕ ಗೇರು ನುಚ್ಚಾಗುತ್ತದೆ. ಎಳೆತವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಚಿಕ್ಕ ಗೇರುಪೆಟ್ಟಿಗೆಯೊಂದು ಕಾಕನ ಮೂಲೆಯಲ್ಲಿ ಮೊದಲೇ ಇತ್ತು. ಆಕ್ಸಲ್ ಒಂದು ಸಿಗಬೇಕಿತ್ತು ಅಷ್ಟೆ.

ನನ್ನ ಕಣ್ಣು ದೊಡ್ಡಪ್ಪನ ಜೀಪಿನ ಮೇಲೆ ಬಿತ್ತು. ಅವರು ನನ್ನ ಅಪ್ಪನ ಅಣ್ಣ, ಯುದ್ಧದಲ್ಲಿ ಮಿಲಿಟರಿ ಲಾರಿ ಓಡಿಸಿ ಬಂದವರು. ಮಕ್ಕಳಿರಲಿಲ್ಲ. ಹಳೆ ಮಿಲಿಟರಿ ಗಾಡಿಗಳ ಡಿಸ್ಪೋಸಲ್ ಹರಾಜಿನಲ್ಲಿ ಕೂಗಿ ತಂದ ಜೀಪೊಂದಿತ್ತು, ಅದಕ್ಕೆ ಇನ್ನೊಬ್ಬರ ಕೈ ತಾಗಿದರೂ ಅವರಿಗೆ ಮೈ ಉರಿಯುತ್ತಿತ್ತು. ಆ ಬೇಸಿಗೆಯಲ್ಲಿ ಅವರಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋದವು. ಆಸ್ಪತ್ರೆಯ ಮಂಚದ ಪಕ್ಕ ನಿಂತಾಗ ನನಗೆ ಮೊದಲು ಅನ್ನಿಸಿದ್ದು, ಎಡಗಾಲಿಲ್ಲದೆ ಇವರು ಕ್ಲಚ್ ತುಳಿಯುವುದು ಹೇಗೆ ಎಂದು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು, ಹಾಗಾದರೆ ಆ ಆಕ್ಸಲ್ ಸುಮ್ಮನೆ ಇರುತ್ತದಲ್ಲ ಎಂದು. ಆ ಎರಡು ಯೋಚನೆಗಳ ನಡುವೆ ಒಂದು ಉಸಿರಿನಷ್ಟಾದರೂ ಅಂತರ ಇತ್ತೇ ಎಂದು ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಇರಲಿಲ್ಲ.

ಮಾರನೇ ದಿನ ಟೇಪು ಹಿಡಿದು ಅವರ ಮನೆಗೆ ಹೋದೆ. ಮನೆಯಲ್ಲಿ ಯಾರೂ ಇಲ್ಲ ಎಂದುಕೊಂಡು ಜೀಪಿನಡಿ ಅಂಗಾತ ಮಲಗಿ ಅಳೆಯುತ್ತಿದ್ದೆ. ತಲೆಯ ಹತ್ತಿರ ಎರಡು ಪಾದಗಳು ಬಂದು ನಿಂತವು. ದೊಡ್ಡವ್ವ ಆಸ್ಪತ್ರೆಗೆ ಬಟ್ಟೆ ಒಯ್ಯಲು ಬಂದಿದ್ದರು.

"ಜೀಪು ರೆಡಿ ಮಾಡ್ತಿದೀಯೇನಪ್ಪಾ?" ಎಂದರು. ಅವರ ದನಿಯಲ್ಲಿ ಎಷ್ಟು ಸಂತೋಷವಿತ್ತೆಂದರೆ ನನಗೆ ಟೇಪು ಮುಚ್ಚಿಡಬೇಕೆಂದೂ ಹೊಳೆಯಲಿಲ್ಲ. "ಮಾಡು ಮಗಾ, ಮಾಡು. ಬಂದ ತಕ್ಷಣ ಓಡಿಸ್ಬೇಕು ಅಂತಾರೆ ಅವ್ರು."

"ಹೂಂ ದೊಡ್ಡವ್ವ," ಎಂದೆ. ಅವರು ಒಳಗೆ ಹೋಗಿ ಬೆಲ್ಲದ ಕಾಫಿ ಮಾಡಿ ತಂದರು. ಕುಡಿದೆ. ನಾಚಿಕೆಗೆಟ್ಟವನು, ಲೋಟ ಖಾಲಿ ಮಾಡಿ ಕೊಟ್ಟೆ.

ದೊಡ್ಡಪ್ಪ ಮನೆಗೆ ಬಂದರು. ಕೋಲು ಹಿಡಿದು, ಕಾಲು ಎಳೆದುಕೊಂಡು ಅಂಗಳದವರೆಗೆ ನಡೆಯುವಷ್ಟಾದರು. ಬಾಯಿ ಒಂದು ಕಡೆಗೆ ಸ್ವಲ್ಪ ಸೊಟ್ಟಗಾಗಿತ್ತು, ಮಾತಿನ ಜೋರು ಮಾತ್ರ ಕಡಿಮೆಯಾಗಿರಲಿಲ್ಲ. ನಾನು ಆಕ್ಸಲ್ ಹುಡುಕುತ್ತಿರುವುದು ಅವರ ಕಿವಿಗೆ ಬಿತ್ತು.

"ಆಕ್ಸಲ್ ಆರಿಸಕ್ಕೆ ನಿಂಗೇನ್ಲಾ ಗೊತ್ತು? ಯಾವನೋ ತುಕ್ಕಿಗೆ ಬಣ್ಣ ಹೊಡ್ದು ಕೊಟ್ರೆ ಹೊತ್ಕೊಂಡ್ ಬತ್ತೀಯ. ನಾನೂ ಬತ್ತೀನಿ ನಡಿ."

ಬೇಡವೆನ್ನುವ ಧೈರ್ಯ ನನಗೆಲ್ಲಿತ್ತು? ವ್ಯಾನಿನ ಎಡ ಸೀಟಿಗೆ ಅವರನ್ನು ಎತ್ತಿ ಕೂರಿಸಿ ಹೊರಟೆ. ಕಾಕ ಹಿಂದೆ ಜ್ಯಾಕು, ಸ್ಪ್ಯಾನರುಗಳ ಜೊತೆ ಕೂತರು.

ಮೊದಲು ಹೋದದ್ದು ನೆಲ್ಯಹುದಿಕೇರಿಗೆ. ಅಲ್ಲಿ ಹಿಂದಿನ ಮಳೆಗಾಲದಲ್ಲಿ ಕಾವೇರಿಯ ನೀರಲ್ಲಿ ನಿಂತುಹೋಗಿದ್ದ ಜೀಪೊಂದು ಇತ್ತು. ಮೇಲೆ ನೋಡಿದರೆ ಏನೂ ಆಗಿಲ್ಲದಂತೆ ಕಾಣುತ್ತಿತ್ತು. ದೊಡ್ಡಪ್ಪ ಒಂದು ಕಲ್ಲಿನ ಮೇಲೆ ಕೂತು ಆಕ್ಸಲಿನ ನಡುವಿನ ಗುಂಡನೆಯ ಉಬ್ಬಿಗೆ ಕೋಲು ತೋರಿಸಿ, ಕೆಳಗಿನ ಬಿರಡೆ ಬಿಚ್ಚಲು ಕಾಕನಿಗೆ ಹೇಳಿದರು. ಒಳಗಿಂದ ಎಣ್ಣೆಯ ಬದಲು ಹಾಲು ಬೆರೆಸಿದಂಥ ಕೆಸರು ಸುರಿಯಿತು. ಒಳಗೆ ನೀರು ಹೋಗಿ ಬೇರಿಂಗುಗಳೆಲ್ಲ ತಿಂದುಹೋಗಿದ್ದವು. "ಬ್ಯಾಡ," ಎಂದರು. ಇನ್ನೊಂದು ಜೀಪು ಕಮರಿಗೆ ಉರುಳಿ ಬಿದ್ದದ್ದು. ಅದರ ಆಕ್ಸಲಿಗೆ ಈ ತುದಿಯಿಂದ ಆ ತುದಿಗೆ ದಾರ ಹಿಡಿಸಿ ನೋಡಿದರು, ನಡುವೆ ಬಳುಕಿತ್ತು. ಅದೂ ಬ್ಯಾಡ. ಮರದ ವ್ಯಾಪಾರಿಯೊಬ್ಬರ ಶೆಡ್ಡಿನಲ್ಲಿ ದೊಡ್ಡ ಮಿಲಿಟರಿ ಗಾಡಿಯ ಆಕ್ಸಲೊಂದು ಬಿದ್ದಿತ್ತು. ಆನೆ ಹತ್ತಿದರೂ ಬಗ್ಗದಂಥದ್ದು, ನನಗೂ ಆಸೆಯಾಯಿತು. ದೊಡ್ಡಪ್ಪ ಗಾಲಿಯ ಕಡೆಯನ್ನು ಒಂದು ಸುತ್ತು ತಿರುಗಿಸಲು ಹೇಳಿ, ಅಷ್ಟರಲ್ಲಿ ಶಾಫ್ಟಿನ ಕಡೆ ಎಷ್ಟು ಸುತ್ತು ಬರುತ್ತದೆಂದು ಎಣಿಸಿದರು. ನಮ್ಮ ಹಿಂದಿನ ಆಕ್ಸಲಿಗೆ ತಾಳೆಯಾಗಲಿಲ್ಲ. ಅಗಲವೂ ಹೆಚ್ಚು, ಹಾಕಿದ್ದರೆ ಗಾಲಿಗಳು ಮಡ್‌ಗಾರ್ಡಿನಿಂದ ಆಚೆ ಇಣುಕುತ್ತಿದ್ದವು.

ಪ್ರತಿ ಸಲ ಅವರು ಬ್ಯಾಡ ಅಂದಾಗಲೂ ನಾನು ಮುಖ ಸಪ್ಪೆ ಮಾಡಿಕೊಳ್ಳುತ್ತಿದ್ದೆ, ಒಳಗೊಳಗೆ ಹಿಗ್ಗುತ್ತಿದ್ದೆ. ಒಂದೊಂದೇ ಬಾಗಿಲು ಮುಚ್ಚಿ, ಕೊನೆಗೆ ಅವರ ಮನೆ ಬಾಗಿಲೊಂದೇ ಉಳಿಯುತ್ತದೆಂದು ನನಗೆ ಗೊತ್ತಿತ್ತು. ಉಳಿದ ಬಾಗಿಲುಗಳನ್ನು ಮುಚ್ಚುತ್ತಿದ್ದವರು ಅವರೇ, ನನಗೆ ಒಳ್ಳೆಯದಾಗಲಿ ಎಂದು, ನೋಯುವ ಕಾಲನ್ನು ನೀಡಿಕೊಂಡು ಕೂತು. ಆದರೂ ಮುಂದಿನ ಸಲ ಮತ್ತೆ ಹಿಗ್ಗುತ್ತಿದ್ದೆ.

ಅವತ್ತು ಸಂಜೆ ಕಾಕನ ಶೆಡ್ಡಿಗೆ ವಾಪಸ್ ಬಂದೆವು. ಕಾಕ ವ್ಯಾನಿನ ಚಾಸಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, "ಜೀಪಿಂದೇ ಸಿಕ್ಕಿದ್ರೂ ಪ್ಲೇಟ್ ಸ್ಪ್ರಿಂಗ್ ಕೂರೋ ಜಾಗ ಇಲ್ಲಿಗೆ ಬರ್ಬೇಕು. ಬರ್ತದೋ ಇಲ್ವೋ," ಎಂದು ತಲೆ ಕೆರೆದುಕೊಂಡರು.

ನಾನು ಯೋಚಿಸದೆ ಬಾಯಿ ಬಿಟ್ಟೆ. "ಬರ್ತದೆ ಕಾಕ. ದೊಡ್ಡಪ್ಪಂದಾದ್ರೆ ಕಾಲಿಂಚೂ ಆಚೀಚೆ ಆಗಲ್ಲ. ಎಡಗಡೆ ಬೋಲ್ಟೊಂದು ಮಾತ್ರ ಬೇರೆ ಥರದ್ದಿದೆ, ಅದನ್ನ ಬದಲಾಯಿಸ್ಬೇಕಾಗ್ತದೆ."

ಹೇಳಿ ಮುಗಿಸಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆ ಬೋಲ್ಟು ಹಾಕಿದ್ದು ದೊಡ್ಡಪ್ಪನೇ. ಅದು ಜೀಪಿನಡಿ ಮಲಗಿದವರ ಕಣ್ಣಿಗೆ ಬಿಟ್ಟರೆ ಇನ್ಯಾರಿಗೂ ಕಾಣುವ ಜಾಗದಲ್ಲಿರಲಿಲ್ಲ. ಕಾಕ ಏನೂ ತಿಳಿಯದೆ ಗೆರೆ ಒರೆಸುತ್ತಿದ್ದರು. ದೊಡ್ಡಪ್ಪ ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

ಕಾಕನನ್ನು ಶೆಡ್ಡಿನಲ್ಲೇ ಬಿಟ್ಟು ಹೊರಟೆವು. ಮನೆಯ ತಿರುವಿನಲ್ಲಿ ಗಾಡಿ ನಿಲ್ಲಿಸಲು ಹೇಳಿದರು.

"ನಾನು ಆಸ್ಪತ್ರೇಲಿದ್ದಾಗ ಅಳ್ದೆಯಾ?"

"ಹೂಂ."

"ನಿನ್ನ ದೊಡ್ಡವ್ವ ಬಂದು ಹೇಳಿದ್ಲು, ಮಗ ಜೀಪು ರೆಡಿ ಮಾಡ್ತಾವ್ನೆ ಅಂತ." ಎಡತೊಡೆಯ ಮೇಲೆ ಬಲಗೈ ಇಟ್ಟರು. "ಅದಕ್ಕೇ ದಿನಾ ಮಂಚದ್ ಮೇಲೆ ಈ ಕಾಲು ಎತ್ತಿ ಎತ್ತಿ ನೋಡ್ತಿದ್ದೆ ಕಣ್ಲಾ. ಕ್ಲಚ್ ತುಳಿಯಕ್ಕೆ."

ಕ್ಷಮಿಸಿ ಎನ್ನಬೇಕಿತ್ತು. ನಮ್ಮಲ್ಲಿ ದೊಡ್ಡಪ್ಪನ ಎದುರು ಆ ಮಾತು ಆಡಿ ಅಭ್ಯಾಸವಿಲ್ಲ, ಕಾಲು ಮುಟ್ಟಬೇಕು. ಗಾಡಿಯೊಳಗೆ ಅದೂ ಆಗಲಿಲ್ಲ. ಗೇರು ಹಾಕಿ ಗಾಡಿಯನ್ನು ಅವರ ಅಂಗಳಕ್ಕೆ ತಿರುಗಿಸಿದೆ.

ಒಂದು ವಾರದಷ್ಟು ಕಾಲ ನಾನು ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಕಾಕನೇ ನನ್ನ ಮನೆಗೆ ಬಂದರು. ದೊಡ್ಡಪ್ಪ ಹೇಳಿಕಳಿಸಿದ್ದಾರೆ, ಜೀಪಿನ ಆಕ್ಸಲ್ ಬಿಚ್ಚಲು ಬರಬೇಕಂತೆ. ನಾನು ಓಡಿಹೋಗಿ, ಬೇಡ ದೊಡ್ಡಪ್ಪ, ಇನ್ನೊಂದು ಕಡೆ ಹುಡುಕೋಣ ಎಂದೆ. ಅದನ್ನು ಮನಸಾರೆ ಹೇಳಿದೆನೆಂದು ಈಗಲೂ ಎದೆ ಮುಟ್ಟಿಕೊಂಡು ಹೇಳಲಾರೆ.

"ಎಲ್ಲಾನೂ ಬ್ಯಾಡ ಅಂದೋನು ನಾನೇ ಅಲ್ವಾ?" ಎಂದರು. "ಅದು ಸರಿಗಿಲ್ಲ, ಇದು ಸರಿಗಿಲ್ಲ ಅಂದೆ. ಸರಿಗಿರೋದು ಇದೊಂದೇ. ಈಗ ಸುಳ್ಳು ಹೇಳ್ಲಾ?"

ಕಾಕ ಜೀಪಿನ ಮುಂಭಾಗ ಎತ್ತಿ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದರು. ಆಕ್ಸಲನ್ನು ಹೊರಗೆ ಎಳೆಯುವಾಗ ದೊಡ್ಡಪ್ಪ ಕುರ್ಚಿ ಹಾಕಿಸಿಕೊಂಡು ಕೂತು, ಅಲ್ಲಿ ಹುಷಾರು, ಇಲ್ಲಿ ಹುಷಾರು ಎಂದು ಕೂಗುತ್ತಿದ್ದರು. ದೊಡ್ಡವ್ವ ಜಗಲಿಯಿಂದ ಇಳಿಯಲಿಲ್ಲ. ನಾನು ಹೊರಡುವಾಗ ಮೆಲ್ಲಗೆ, ನನಗೊಬ್ಬನಿಗೇ ಕೇಳುವಂತೆ ಹೇಳಿದರು: "ಅವತ್ತು ನಿಂಗೆ ನಾನು ಕಾಫಿ ಕೊಟ್ಟೆನಲ್ಲಪ್ಪಾ."

ಎಷ್ಟೋ ಜನ ನನಗೆ ಬೈದಿದ್ದಾರೆ, ಅಂಗಿ ಹಿಡಿದು ಎಳೆದವರೂ ಇದ್ದಾರೆ. ಆ ಮಾತಿನಷ್ಟು ಯಾವುದೂ ನಾಟಿಲ್ಲ.

ಆಕ್ಸಲ್ ಕೂತಿತು, ಹೇಳಿದ ಹಾಗೆ ಕಾಲಿಂಚೂ ಆಚೀಚೆಯಾಗದೆ. ಮುಂದಿನ ಗಾಲಿಗಳಿಗೆ ಎಳೆತ ಕೊಡಲು ಗಿಡ್ಡನೆಯ ಲಿವರೊಂದು ಬೇಕಿತ್ತು. ನನ್ನ ಕಡೆ ಜಾಗ ಸಾಲದೆ ಕಾಕ ಅದನ್ನು ಎಡ ಸೀಟಿನ ಬಳಿಗೆ ಸರಿಸಿದ್ದರು. ಮೊದಲ ದಿನ ಗಾಡಿ ನೋಡಲೆಂದು ದೊಡ್ಡಪ್ಪ ಬಂದು ಕೂತರು. ಕೆಮ್ಮಣ್ಣಿನ ಏರಿನ ಬುಡದಲ್ಲಿ ನಾನು ಲಿವರಿಗೆಂದು ಬಗ್ಗುವಷ್ಟರಲ್ಲಿ ಅವರ ಬಲಗೈ ಅದರ ಮೇಲಿತ್ತು. ನೆಟ್ಟಗಿದ್ದ ಕೈ.

"ನೀನು ಕ್ಲಚ್ ತುಳಿ," ಎಂದರು.

ತುಳಿದೆ. ಅವರು ಲಿವರ್ ಹಾಕಿದರು. ವ್ಯಾನು ಒಂದೇ ಉಸಿರಿಗೆ ಏರು ಹತ್ತಿತು. ದೊಡ್ಡಪ್ಪನ ಸೊಟ್ಟ ಬಾಯಿ ನಗುವಿಗೆ ಇನ್ನಷ್ಟು ಸೊಟ್ಟಗಾಯಿತು. ಅಲ್ಲಿಂದಾಚೆಗೆ ನಾನು ಲೈನಿಗೆ ಹೊರಟಾಗಲೆಲ್ಲ ಅವರ ಮನೆಯ ಮುಂದೆ ಹಾರನ್ ಹೊಡೆಯುತ್ತಿದ್ದೆ. ಅವರು ಖಾಕಿ ಕೋಟು ಹಾಕಿ ಕಾದಿರುತ್ತಿದ್ದರು. ಏರಿನ ಬುಡದಲ್ಲಿ ನನ್ನ ಕಾಲು, ಅವರ ಕೈ. ಮುಂದಿನ ಗಾಲಿ ನಂದು, ಹಿಂದಿನದು ಇವಂದು ಎಂದು ಲೈನಿನವರೆದುರು ಜಂಬ ಕೊಚ್ಚುತ್ತಿದ್ದರು. ನನ್ನ ಪಾಪ ಅರ್ಧ ತೊಳೆದುಹೋಯಿತೆಂದು ನಾನೂ ಸಮಾಧಾನ ಮಾಡಿಕೊಂಡಿದ್ದೆ.

ಮಳೆ ಬಲವಾಗಿ ಹಿಡಿದ ಒಂದು ದಿನ ನಾನು ಹಾರನ್ ಹೊಡೆಯಲಿಲ್ಲ. ಅಂಥ ತುರ್ತೇನೂ ಇರಲಿಲ್ಲ. ಅಕ್ಕಿ ಮೂಟೆ ನೆನೆಯುತ್ತದೆ, ಅವರನ್ನು ಎತ್ತಿ ಕೂರಿಸುವಷ್ಟರಲ್ಲಿ ಹೊತ್ತಾಗುತ್ತದೆ, ಅಷ್ಟೆ. ಮನೆ ದಾಟುವಾಗ ಆ ಕಡೆ ನೋಡಲಿಲ್ಲ. ಏರಿನ ಬುಡದಲ್ಲಿ ಬಗ್ಗಿ ಲಿವರನ್ನು ನಾನೇ ಎಳೆದೆ. ಗಾಡಿ ಎಂದಿನಂತೆ ಹತ್ತಿತು.

ವಾಪಸ್ ಬರುವಾಗ ಅವರು ಜಗಲಿಯಲ್ಲಿ ಕೋಟು ಹಾಕಿಕೊಂಡೇ ನಿಂತಿದ್ದರು. ನಿಲ್ಲಿಸದೆ ಇರಲಾಗಲಿಲ್ಲ.

"ಹತ್ತಿತೇನ್ಲಾ?"

ಅವರ ಮನಸ್ಸು ನೋಯಬಾರದೆಂದು ಸುಳ್ಳು ಹೇಳಿದೆ. "ಇಲ್ಲ ದೊಡ್ಡಪ್ಪ, ಸಿಕ್ಕಾಕ್ಕೊಂಡ್ತು. ನೀವಿಲ್ಲದೆ ಆಗ್ಲಿಲ್ಲ. ಲೈನಿನವ್ರು ಬಂದು ತಳ್ಳಿದ್ರು."

ಅವರ ಮುಖ ಕಪ್ಪಿಟ್ಟಿತು. "ಯಾಕೆ? ಮುಂದಿನ ಗಾಲಿ ತಿರುಗ್ಲಿಲ್ವಾ? ಒಳಗೆ ಹಲ್ಲು ಹೋಯ್ತಾ? ನನ್ನ ಆಕ್ಸಲ್ ಇದ್ರೆ ಗಾಡಿ ಆ ಏರಲ್ಲಿ ನಿಲ್ಲಲ್ಲ ಕಣ್ಲಾ! ನಡಿ, ಈಗ್ಲೇ ಕಾಕನ ಹತ್ರ ಹೋಗುವ." ಮಳೆಯಲ್ಲೇ ಕೋಲೂರಿ ಮೆಟ್ಟಿಲಿಳಿಯಲು ಹೊರಟರು. ಆ ಕಾಲು ಮೆಟ್ಟಿಲಿಗೆ ತಡವರಿಸಿತು.

ಹೋಗಿ ಹಿಡಿದುಕೊಂಡೆ. "ಏನೂ ಆಗಿಲ್ಲ ದೊಡ್ಡಪ್ಪ. ಸುಳ್ಳು ಹೇಳ್ದೆ. ಸೀದಾ ಹತ್ತಿತು."

"ಸೀದಾ ಹತ್ತಿತಾ?"

"ಹೂಂ."

ಅವರ ಮುಖ ಅರಳಿತು. "ಮತ್ತೆ!" ಎಂದು ನನ್ನ ತೋಳಿಗೆ ಒಂದು ಗುದ್ದು ಕೊಟ್ಟರು. ಆಮೇಲೆ ಮೆಲ್ಲಗೆ ತಿರುಗಿ ಜಗಲಿಯ ಮೇಲೆ ಕೂತು ಕೋಟಿನ ಗುಂಡಿಗಳನ್ನು ಬಲಗೈಯಲ್ಲಿ ಒಂದೊಂದಾಗಿ ಬಿಚ್ಚತೊಡಗಿದರು.

"ಹಂಗಾದ್ರೆ ಇನ್ನು ಲಿವರ್ ನೀನೇ ಹಾಕ್ಕೋ ಮಗಾ," ಎಂದರು.