ಅವ್ವನ ಅಕ್ಕಡಿ ಸಾಲು

ಬೀದರಿನ ಸಾಲೆಯಲ್ಲಿ ಚರ್ಚಾಸ್ಪರ್ಧೆ ಗೆದ್ದವನಿಗೆ ಹೊಲದ ವಿಷಯದಲ್ಲಿ ಬಾಯಿ ಹಾಕುವ ಹಕ್ಕು ಯಾರು ಕೊಟ್ಟರು? ನನಗೆ ನಾನೇ ಕೊಟ್ಟುಕೊಂಡೆ. ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ಔರಾದ ಕಡೆಯ ನಮ್ಮ ಕರಿ ಹೊಲದಲ್ಲಿ ಜೋಳದ ನಡುವೆ ನಾಲ್ಕೈದು ಸಾಲಿಗೊಂದು ಅಕ್ಕಡಿ ಸಾಲು ಇರುತ್ತಿತ್ತು. ತೊಗರಿ, ಎಳ್ಳು, ಸೊಪ್ಪಿಗೆಂದು ಪುಂಡಿಪಲ್ಲೆ. ಕೂರಿಗೆಯ ಹಿಂದೆ ಆ ಬೀಜ ಬಿಡುವವಳು ಅವ್ವ. ಬೆಳೆಯೂ ಅವಳದೇ, ಅಪ್ಪ ಲೆಕ್ಕ ಕೇಳುವ ಪದ್ಧತಿಯಿರಲಿಲ್ಲ. ವರ್ಷದ ಬೇಳೆ, ಎಣ್ಣೆ ಎಲ್ಲ ಅದರಿಂದಲೇ.

ಪೋಲೀಸ್ ಆ್ಯಕ್ಷನ್ನಿನ ಹಿಂದಿನ ವರ್ಷ, ಬಿತ್ತನೆಗೆ ಮುಂಚೆ, ಭಾಲ್ಕಿಯಿಂದ ಹತ್ತಿಯ ದಲಾಲ ಬಂದ.

"ಇಡೀ ಹೊಲಕ್ಕ ಹತ್ತಿ ಹಾಕ್ರಿ ಕಾಕಾ. ನಡುವ ತೊಗರಿ ಬ್ಯಾಡ. ಅದರ ಎಲಿ ಹತ್ತಿಗಿ ಅಂಟ್ತದ, ಮುಂಬೈ ಗಿರಣಿಯವರು ಮೂಗು ಮುರೀತಾರ."

ಅಪ್ಪ ಅನುಮಾನಿಸಿದ. ನಾನು ಎದ್ದು ನಿಂತು ವಾದಿಸಿದೆ. ಮುಂಬಯಿ ಕೈಚಾಚಿ ಕೊಳ್ಳುವಾಗ ಮನೆಗಷ್ಟೇ ಬೆಳೆಯುವುದು ಮೂಢತನ ಎಂದೆ.

"ಹತ್ತಿ ಉಣ್ಲಾಕ ಬರ್ತದೇನಪಾ?" ಅಂದಳು ಅವ್ವ.

"ಮಾರಿ ಬ್ಯಾಳಿ ತರೋದು."

"ಕೊಳ್ಳಾಂವ ಬರ್ಲಿಲ್ಲಂದ್ರ?"

ಅದು ವಾದವಲ್ಲ, ಬರೀ ಅಂಜಿಕೆ ಎಂದೆ. ದಲಾಲ ತಲೆದೂಗಿದ. ನಾನು ಗೆದ್ದೆ.

ಹತ್ತಿ ಚೆನ್ನಾಗಿಯೇ ಬಂತು. ಅಷ್ಟರಲ್ಲಿ ಭಾರತದೊಂದಿಗಿನ ಜಗಳದಲ್ಲಿ ನಮ್ಮ ಹೈದರಾಬಾದ್ ಸಂಸ್ಥಾನದ ಗಡಿಗಳು ಮುಚ್ಚಿ, ಮುಂಬಯಿಯ ದಾರಿ ಕಡಿದಿತ್ತು. ಭಾಲ್ಕಿಗೆ ಹೋದ ಬಂಡಿ ತುಂಬಿದಂತೆಯೇ ತಿರುಗಿ ಬಂತು. "ರಸ್ತಾ ಬಂದ್ ಅದರಿ, ನಾ ಏನ್ ಮಾಡ್ಲಿ?" ಎಂದು ದಲಾಲ ಕೈ ತೊಳೆದುಕೊಂಡಿದ್ದ. ಪಡಸಾಲೆಯ ತುಂಬ ಹತ್ತಿ. ಇಲಿಗಳು ಅದರೊಳಗೆ ಮರಿ ಹಾಕಿದವು, ಅಂಬಲಿಯಲ್ಲೂ ಎಳೆ ಸಿಗುತ್ತಿತ್ತು. ಹಳೆಯ ಜೋಳವಿತ್ತು, ಬೇಳೆಯಿರಲಿಲ್ಲ. ರೊಟ್ಟಿಗೆ ಖಾರದ ನೀರು. ಉಣ್ಣುವ ಬಾಯಿ ನಮ್ಮದು, ಏನು ಬಿತ್ತಬೇಕೆಂಬ ಮಾತು ಮುಂಬಯಿ ಗಿರಣಿಯದು. ನಡುವೆ ಪುಕ್ಕಟೆ ವಕೀಲ ನಾನು. ದಲಾಲನಾದರೂ ಹೊಟ್ಟೆಪಾಡಿಗೆ ಮಾತಾಡಿದ. ನಾನು ಬರೀ ಚಪ್ಪಾಳೆಗೆ.

ಮುಂದಿನ ಬಿತ್ತನೆಗೆ ಮಿರಗದ ಮಳೆ ಬಿದ್ದಾಗ ಅವ್ವನ ಬಳಿ ಬೀಜವೇ ಇರಲಿಲ್ಲ. ಗಡಿಗೆಯಲ್ಲಿ ತೆಗೆದಿಟ್ಟ ತೊಗರಿಯನ್ನೂ ಬೇಯಿಸಿ ಉಂಡಿದ್ದೆವು. ಪಕ್ಕದ ಮನೆಗೆ ಹೋಗಿ ಸೆರಗು ಒಡ್ಡಿದಳು.

"ಯಾಕವ್ವಾ, ನಿನ್ನ ಮಗ ಭಾಷಣ ಬಿತ್ತಿದ್ನಲ್ಲ, ಏನೂ ಹುಟ್ಲಿಲ್ಲೇನು?" ಅಂದಳು ಆ ಮನೆಯ ಮುದುಕಿ.

ಅವ್ವನೂ ನಕ್ಕಳು. ನಕ್ಕು, ಮೂರು ಬೊಗಸೆ ತೊಗರಿ, ಒಂದು ಹಿಡಿ ಪುಂಡಿಬೀಜ ಕಟ್ಟಿಕೊಂಡು ಬಂದಳು.

ಹೊಲದಲ್ಲಿ ಅವಳ ಉಡಿ ಹಗುರ ಮಾಡೋಣವೆಂದು ಕೈ ಚಾಚಿದೆ.

"ನೀ ಎತ್ತು ಹೊಡಿ," ಅಂದಳು. "ಬೀಜಕ್ಕ ಕೈ ಹಚ್ಚಬ್ಯಾಡ."